ಬರೆದವರು: ಮನೆಯವರು

ಜೂನ್ ೨

ನಮ್ಮ ಆಕಾಶ ನೋಡುವವರ ಬಳಗದ ವೆಬ್‌ಸೈಟನ್ನು ಹೊಸದು ಮಾಡುತ್ತಾರಂತೆ. ಹತ್ತೊಂಬತ್ತು ವರ್ಷದಿಂದ ತನ್ನ ಪಾಡಿಗೆ ತಾನು ನಡೆದುಕೊಂಡು ಬಂದದ್ದು. ಈಗ ಯಾರಿಗೋ ಕೈ ತುರಿಸಿದೆ. "ಸದಸ್ಯರೇ, ಸಲಹೆ ಕೊಡಿ" ಎಂದು ಒಂದು ಪುಟ ತೆರೆದಿಟ್ಟಿದ್ದಾರೆ. ಕೇಳಬೇಕೆ? ಮೂರೇ ದಿನಕ್ಕೆ ಇಪ್ಪತ್ತೆರಡು ಸಲಹೆ ಬಂದು ಬಿದ್ದಿವೆ. ಒಬ್ಬನಿಗೆ ಪುಟ ಪೂರ್ತಿ ಕಪ್ಪಗಿರಬೇಕು. ಇನ್ನೊಬ್ಬನಿಗೆ ಚಂದ್ರ ಹುಟ್ಟುವ ಹೊತ್ತು ತಲೆಬರಹದಲ್ಲೇ ಬೇಕು. ಮೋಡಣ್ಣ ಎಂದು ನಾವೆಲ್ಲ ಕರೆಯುವ ಸದಸ್ಯನೊಬ್ಬನಿದ್ದಾನೆ, ಅವನ ಊರಿನಲ್ಲಿ ಯಾವಾಗಲೂ ಮೋಡ. "ನೋಡೋಕೆ ಕೂತೆ, ಕಾಣಲಿಲ್ಲ" ಎಂಬ ಒಂದು ಗುಂಡಿ ಇಟ್ಟು, ಅದಕ್ಕೂ ಹಾಜರಿ ಕೊಡಬೇಕಂತೆ. ನಗು ಬಂತು. ಬಹಳ ದಿನವಾಗಿತ್ತು.

ನಾನೂ ಒಂದು ಸಲಹೆ ಹಾಕಿದೆ: ಅಕ್ಷರ ದಪ್ಪ ಮಾಡಿ. ಈಚೆಗೆ ಯಾರೋ ಅಕ್ಷರಗಳನ್ನು ಹಾಲಿನಲ್ಲಿ ಬರೆದ ಹಾಗೆ ತೆಳ್ಳಗೆ ಮಾಡಿಬಿಟ್ಟಿದ್ದಾರೆ.

ಹದಿನಾಲ್ಕನೇ ಸಲಹೆಗೆ ಬಂದಾಗ ನಗು ನಿಂತಿತು. "ಬರೆದವರು ಎಂಬ ಕಾಲಂ ತೆಗೆದುಹಾಕಿ. ಈಗ ಯಾರೂ ಅದನ್ನು ತುಂಬುವುದಿಲ್ಲ."

ತುಂಬುವುದಿಲ್ಲ ನಿಜ. ನಮ್ಮ ಬಳಗದಲ್ಲಿ ಹಿಂದಿನಿಂದ ಒಂದು ಪದ್ಧತಿ ಇತ್ತು. ಒಬ್ಬರು ದೂರದರ್ಶಕದಲ್ಲಿ ನಕ್ಷತ್ರ ನೋಡಿ ಅದರ ಹೊಳಪಿನ ಅಂಕಿಯನ್ನು ಕೂಗಿ ಹೇಳುವುದು, ಪಕ್ಕದಲ್ಲಿ ಕೂತವರು ಬರೆದುಕೊಳ್ಳುವುದು. ನೋಡುವವನೇ ಬರೆಯಲು ಹೋದರೆ ಟಾರ್ಚಿನ ಬೆಳಕಿಗೆ ಕಣ್ಣು ಕೆಡುತ್ತದೆ ಎಂದು. ಹಾಗಾಗಿ ಪ್ರತಿ ದಾಖಲೆಗೂ ಎರಡು ಕಾಲಂ: ನೋಡಿದವರು, ಬರೆದವರು. ಈಗ ಎಲ್ಲರೂ ಫೋನಿಗೇ ಹೇಳುತ್ತಾರೆ.

ನನ್ನ ದಾಖಲೆಗಳು ಆರು ಸಾವಿರದ ಚಿಲ್ಲರೆ. ಬಳಗದಲ್ಲಿ ಅಷ್ಟು ಬೇರೆ ಯಾರದ್ದೂ ಇಲ್ಲ, ಮೊದಲ ಪುಟದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನನ್ನ ಅಡ್ಡಹೆಸರಿದೆ, ತಕ್ಕಡಿ ಎಂದು. ಈಚಿನ ಕೆಲವು ಬಿಟ್ಟರೆ ಅಷ್ಟೂ ದಾಖಲೆಗಳಲ್ಲಿ "ಬರೆದವರು" ಎಂಬಲ್ಲಿ ಇರುವುದು ಒಂದೇ ಮಾತು: ಮನೆಯವರು.

ಮಾರ್ಚಿನಲ್ಲಿ ಅವಳು ಹೋದಳು. ಈಗ ಕಾಲಮ್ಮನ್ನೂ ತೆಗೆದರೆ ಅವಳು ಅಲ್ಲಿಂದಲೂ ಹೋದ ಹಾಗೆಯೇ. ಜುಲೈ ಎರಡರೊಳಗೆ ಹತ್ತು ಸದಸ್ಯರು ಬೇಡವೆಂದರೆ ಮಾತ್ರ ಸಲಹೆ ಬಿದ್ದುಹೋಗುತ್ತದಂತೆ. ಮೊದಲ ಬೇಡ ನನ್ನದು.

ಜೂನ್ ೪

ಆಕ್ಷೇಪಣೆ ಬರೆದು ಹಾಕಿದೆ. ಮೂವತ್ತಮೂರು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರನಾಗಿದ್ದವನು ನಾನು, ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷೆ ಮಾಡಿದವನು. ದಾಖಲೆಯ ಒಂದು ಮನೆ ಖಾಲಿ ಬಿಡುವುದು ಏನೆಂದು ನನಗೆ ಹೇಳಿಕೊಡಬೇಕಿಲ್ಲ ಎಂದು ಶುರು ಮಾಡಿ, ಸ್ವಲ್ಪ ಉದ್ದವಾಯಿತು. ಒಬ್ಬನೇ ಒಬ್ಬ ಜೊತೆಗೆ ಬಂದ. ಮೋಡಣ್ಣ.

ಬರೆಯುವಾಗ ಎಲ್ಲ ನೆನಪಾಯಿತು. ಊಟ ಆದ ಮೇಲೆ ಮಹಡಿಗೆ ಹೋಗುವುದು. ಅವಳು ಮೆಟ್ಟಿಲ ಮೇಲೆ, ಮಡಿಲಲ್ಲಿ ನೋಟ್‌ಬುಕ್ಕು, ಕೈಯಲ್ಲಿ ಕೆಂಪು ಕಾಗದ ಕಟ್ಟಿದ ಟಾರ್ಚು. ನಾವು ಹೆಚ್ಚಾಗಿ ನೋಡುತ್ತಿದ್ದದ್ದು ಒಂದು ಕೆಂಪು ನಕ್ಷತ್ರವನ್ನು. ವರ್ಷಕ್ಕೊಮ್ಮೆ ಹೊಳಪು ಏರಿ, ಮತ್ತೆ ಇಳಿದುಹೋಗುವ ಜಾತಿಯದು. ಅವಳು ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದಳು. "ಏಳು ಪಾಯಿಂಟ್ ಎರಡು" ಎಂದು ನಾನು ಕೂಗುತ್ತಿದ್ದೆ. "ಬರ್ಕೊಂಡೆ" ಎನ್ನುತ್ತಿದ್ದಳು. ನಾನು ದೂರದರ್ಶಕಕ್ಕೆ ಹೊದಿಕೆ ಹೊದಿಸುವಷ್ಟರಲ್ಲಿ ಅವಳು ಗೇಟಿಗೆ ಬೀಗ ಹಾಕಲು ಕೆಳಗೆ ಹೋಗುತ್ತಿದ್ದಳು. ಹದಿನೈದು ನಿಮಿಷವಾದರೂ ಪತ್ತೆಯಿಲ್ಲ.

"ಒಂದು ಬೀಗ ಹಾಕೋಕೆ ಇಷ್ಟು ಹೊತ್ತಾ? ಗೇಟೇನು ಓಡಿ ಹೋಗಿತ್ತಾ?"

"ಹೂಂ ಮತ್ತೆ. ಹಿಡ್ಕೊಂಡು ಬಂದು ನಿಲ್ಸಿ ಬೀಗ ಹಾಕ್ದೆ."

ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಅಂಕಿಗಳನ್ನು ಸೈಟಿಗೆ ಏರಿಸುತ್ತಿದ್ದಳು. ಆ ಕುಟ್ಟುವ ಕೆಲಸ ನನಗೆ ಆಗುತ್ತಿರಲಿಲ್ಲ. ಈಗ ನಾನೇ ಕೂತು ಒಂದೊಂದೇ ಬೆರಳಲ್ಲಿ ಕುಟ್ಟುತ್ತೇನೆ.

ಜೂನ್ ೯

ಗೇಟಿನ ಪಕ್ಕದ ಚಪ್ಪಲಿ ಗೂಡಿನಲ್ಲಿ ನನ್ನ ಹಳೆಯ ಬೈನಾಕ್ಯುಲರ್ ಸಿಕ್ಕಿತು! ಅವಳ ಹಳೆಯ ಸ್ವೆಟರಿನಲ್ಲಿ ಸುತ್ತಿ, ಕೊಡೆಯ ಹಿಂದೆ ಇಟ್ಟಿತ್ತು. ವರ್ಷಗಟ್ಟಲೆ ಹುಡುಕಿ, ಯಾರೋ ಹೊಡೆದುಕೊಂಡು ಹೋದರೆಂದು ಕೈಬಿಟ್ಟಿದ್ದೆ. ಬೈನಾಕ್ಯುಲರ್ ಇಡುವ ಜಾಗವೇ ಅದು? ಬೈಯೋಣವೆಂದರೆ ಎದುರಿಗೆ ಆಳಿಲ್ಲ.

ಮಧ್ಯಾಹ್ನ ಅವಳ ತಂಗಿ ಊಟದ ಕ್ಯಾರಿಯರ್ ತಂದಳು. ಎರಡು ಬೀದಿ ಆಚೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ. ಬಂದವಳೇ, "ಭಾವ, ಅಂಗಿ ತುಂಬ ಕಲೆ. ಹಾಕ್ಕೊಳ್ಳೋವಾಗ ನೋಡಲ್ವಾ?" ಎಂದಳು. ನೋಡಿದೆ. ಕಲೆ ಎಲ್ಲಿದೆಯೋ ಅವಳಿಗೇ ಗೊತ್ತು.

ನಮ್ಮಿಬ್ಬರ ನಡುವೆ ಒಂದು ಮಾತು ಮುಳ್ಳಿನ ಹಾಗೆ ಉಳಿದುಕೊಂಡಿದೆ. ಎರಡು ತಿಂಗಳು ಪರವೂರಿನಲ್ಲಿದ್ದು ಬಂದವಳು, ಫೆಬ್ರವರಿಯಲ್ಲಿ ಒಂದು ದಿನ ಬಾಗಿಲಲ್ಲಿ ನಿಂತವಳೇ ಅಕ್ಕನ ಮುಖ ನೋಡಿ ಕಿರುಚಿದ್ದಳು: "ಅಕ್ಕನ ಕಣ್ಣೆಲ್ಲ ಹಳದಿ ಆಗಿದೆ. ಭಾವ, ದಿನಾ ಎದುರಿಗೇ ಇರ್ತೀರಿ, ನಿಮಗೆ ಕಾಣ್ಲಿಲ್ವಾ?" ಅಂದೇ ಆಸ್ಪತ್ರೆಗೆ ಸೇರಿಸಿದೆವು. ಪಿತ್ತಕೋಶದ ಹತ್ತಿರ ಗಡ್ಡೆ. ಕಾಮಾಲೆ ಕಾಣಿಸಿಕೊಂಡೇ ಎರಡು ತಿಂಗಳಾಗಿರಬೇಕು, ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಮೂರು ವಾರದಲ್ಲಿ ಮುಗಿಯಿತು.

ನನಗೆ ಕಂಡಿರಲಿಲ್ಲ. ನಿಜವಾಗಿಯೂ ಕಂಡಿರಲಿಲ್ಲ. ನನ್ನವಳು ತಾನಾಗಿ ಹೇಳಿಕೊಳ್ಳುವವಳೂ ಅಲ್ಲ. ಹೇಳಿದರೆ ಯಾರು ನಂಬುತ್ತಾರೆ? ಹೆಂಡತಿಯ ಮುಖ ನೋಡುವಷ್ಟು ಪುರಸೊತ್ತಿರಲಿಲ್ಲ, ನಕ್ಷತ್ರ ಮಾತ್ರ ಕಾಣುತ್ತಿತ್ತು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಳ್ಳುತ್ತೇನೆ.

ಜೂನ್ ೧೫

ಬೇಡ ಎಂದವರು ಈಗ ನಾಲ್ಕು.

ಪಟ್ಟಿಯಕ್ಕ ಫೋನ್ ಮಾಡಿದ್ದಳು. ಸೈಟಿಗೆ ಬರುವ ಅಂಕಿಗಳನ್ನೆಲ್ಲ ತಾಳೆ ನೋಡಿ ಪಟ್ಟಿ ಮಾಡುವವಳು ಅವಳೇ. ಹಗಲೆಲ್ಲ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಾಳೆ. ಮೆತ್ತಗಿನ ದನಿ.

"ಸಾರ್, ತಪ್ಪು ತಿಳ್ಕೋಬೇಡಿ. ಏಪ್ರಿಲ್‌ನಿಂದ ನಿಮ್ಮ ಕೆಂಪಿ ಅಂಕಿ ಯಾರ ಜೊತೆಗೂ ಕೂಡ್ತಾ ಇಲ್ಲ. ಉಳಿದ ಇಪ್ಪತ್ತು ಜನ ಏಳು ಪಾಯಿಂಟ್ ನಾಲ್ಕು ಅಂದ್ರೆ ನೀವು ಆರು ಪಾಯಿಂಟ್ ಎಂಟು ಅಂತೀರಿ."

ನಮ್ಮ ಲೆಕ್ಕದಲ್ಲಿ ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಎಂದರೆ ಇಲ್ಲದ ಹೊಳಪು ನನಗೊಬ್ಬನಿಗೇ ಕಾಣುತ್ತಿದೆ ಎಂದು ಅವಳ ಮಾತು.

"ಇಪ್ಪತ್ತು ತಕ್ಕಡಿ ಒಂದೇ ಕಡೆ ವಾಲಿದ ಮಾತ್ರಕ್ಕೆ ಅದೇ ಸರಿ ಅಂತಲ್ಲಮ್ಮ."

"ಅದೇ ಸಾರ್ ನನಗೂ ಆಶ್ಚರ್ಯ. ಇಷ್ಟು ವರ್ಷ ನಿಮ್ಮ ಅಂಕಿ ಇಟ್ಕೊಂಡೇ ನಾವು ಬೇರೆಯವರದ್ದನ್ನ ತಿದ್ತಾ ಇದ್ವಿ. ಮಾರ್ಚ್ ತನಕ ಕೂದಲೆಳೆ ವ್ಯತ್ಯಾಸ ಇಲ್ಲ. ಮೇಡಂ ಹೋದ ಮೇಲೆ... ಮನಸ್ಸು ಸರಿ ಇರಲ್ಲ, ಗೊತ್ತು. ಸ್ವಲ್ಪ ದಿನ ಬಿಟ್ಟು ಮಾಡ್ತೀರಾ?"

ಮನಸ್ಸಿಗೂ ಕಣ್ಣಿಗೂ ಏನು ಸಂಬಂಧ? ನಾನೇನು ಅಳುತ್ತಾ ನೋಡುತ್ತೇನೆಯೇ? ಫೋನ್ ಇಟ್ಟುಬಿಟ್ಟೆ.

ಜೂನ್ ೧೬

ಮೈಯೆಲ್ಲ ಉರಿ. ಏನೂ ಬರೆಯುವುದಿಲ್ಲ.

ಜೂನ್ ೨೨

ಚಹಾ ಲೋಟಕ್ಕೆ ಬೀಳದೆ ಮೇಜಿನ ಮೇಲೆ ಬಿತ್ತು. ಅವಳ ತಂಗಿ ನೋಡಿಬಿಟ್ಟಳು. ಒರೆಸುತ್ತಾ ಒರೆಸುತ್ತಾ, "ಗುರುವಾರ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ಚೀಟಿ ತಗೊಂಡಾಗಿದೆ" ಎಂದಳು.

"ನನ್ನ ಕಣ್ಣಿಗೆ ಏನಾಗಿದೆ?"

"ಏನೂ ಆಗಿಲ್ಲ ಅಂತ ಡಾಕ್ಟರೇ ಹೇಳ್ಲಿ. ಅಕ್ಕ ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ್ದು ಇದೊಂದೇ. 'ಅವರ ಕಣ್ಣು ತೋರಿಸು, ನನ್ನ ಮಾತು ಕೇಳಲ್ಲ' ಅಂತ."

ತನ್ನ ಪ್ರಾಣಕ್ಕೇ ಕುತ್ತು ಬಂದಿರುವಾಗ ನನ್ನ ಕಣ್ಣಿನ ಚಿಂತೆ ಅವಳಿಗೆ ಯಾಕೆ? ನಾನು ಬಾಯಿ ಮುಚ್ಚಿಕೊಂಡು ಒಪ್ಪಿದೆ.

ಬೇಡ ಎಂದವರು ಆರು. ಇನ್ನು ನಾಲ್ಕು ಬೇಕು. ಹಳಬರಿಗೆಲ್ಲ ಫೋನ್ ಮಾಡಿ ದಮ್ಮಯ್ಯ ಹಾಕಬೇಕು. ಅಭ್ಯಾಸವಿಲ್ಲ.

ಜೂನ್ ೨೫

ಎರಡೂ ಕಣ್ಣಿಗೆ ಪೊರೆ. ಡಾಕ್ಟರಮ್ಮ ದೀಪ ಬಿಟ್ಟು ನೋಡಿ, "ಇಷ್ಟು ದಿನ ಏನು ಮಾಡ್ತಿದ್ರಿ? ಇದು ಏಳೆಂಟು ವರ್ಷದ್ದು. ಒಳಗಿನ ಮಸೂರ ಚಹಾದ ಬಣ್ಣಕ್ಕೆ ಬಂದಿದೆ" ಎಂದರು. ನಿಧಾನವಾಗಿ ಬರುವುದರಿಂದ ಗೊತ್ತೇ ಆಗುವುದಿಲ್ಲವಂತೆ. ಕೆಂಪು ಇದ್ದ ಹಾಗೇ ಕಾಣುತ್ತದೆ, ಬಿಳಿ ನೀಲಿ ಮಂಕಾಗುತ್ತವೆ.

ಕೂತಲ್ಲೇ ಲೆಕ್ಕ ಹಾಕಿದೆ. ಕೆಂಪಿಯನ್ನು ಅಕ್ಕಪಕ್ಕದ ಬಿಳಿ ನಕ್ಷತ್ರಗಳ ಜೊತೆ ಹೋಲಿಸಿಯೇ ಅಂಕಿ ಹೇಳುವುದು. ಬಿಳಿಯವು ಮಂಕಾದರೆ ಕೆಂಪಿ ಹೆಚ್ಚು ಹೊಳೆದ ಹಾಗೆ ಕಾಣಲೇಬೇಕು. ಪಟ್ಟಿಯಕ್ಕ ಹೇಳಿದ್ದು ಸರಿ.

ಆಮೇಲೆ ಇನ್ನೊಂದು ಕೇಳಿದೆ.

"ಡಾಕ್ಟ್ರೇ, ಹಳದಿ? ಯಾರಿಗಾದ್ರೂ ಕಾಮಾಲೆ ಆಗಿದ್ರೆ ನನಗೆ ಕಾಣ್ತಿತ್ತಾ?"

"ಹೇಗೆ ಕಾಣುತ್ತೆ? ಹಳದಿ ಗಾಜಿನ ಹಿಂದೆ ಕೂತಿದ್ದೀರಿ ನೀವು. ಎಲ್ಲರ ಮುಖಾನೂ ಒಂದೇ."

ಪಕ್ಕದಲ್ಲಿ ಕೂತಿದ್ದ ಅವಳ ತಂಗಿ ಎಲ್ಲ ಕೇಳಿಸಿಕೊಂಡಳು. ಹೊರಗೆ ಬಂದು ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಂಡಳು. ದಾಟಿದ ಮೇಲೂ ಬಿಡಲಿಲ್ಲ. "ಭಾವ, ನಾನು ಅವತ್ತು ಹಾಗೆ ಅನ್ನಬಾರ್ದಿತ್ತು" ಎಂದು ಫುಟ್‌ಪಾತಿನಲ್ಲೇ ಅತ್ತಳು. ನನಗೂ ತಡೆಯಲಾಗಲಿಲ್ಲ. ಇಬ್ಬರು ಮುದುಕರು ಬೀದಿಯಲ್ಲಿ ಅಳುತ್ತಿದ್ದರೆ ಬಸ್ಸಿನವರೆಲ್ಲ ನೋಡುತ್ತಾರೆ, ನೋಡಲಿ.

ಮನೆಗೆ ಬಂದ ಮೇಲೆ ಒಂದು ವಿಷಯ ತಲೆ ತಿನ್ನಲು ಶುರುವಾಯಿತು. ಪೊರೆ ಏಳೆಂಟು ವರ್ಷದ್ದು. ಹಾಗಾದರೆ ಅಂಕಿ ಏಳೆಂಟು ವರ್ಷದಿಂದಲೇ ತಪ್ಪಬೇಕಿತ್ತು. ಮಾರ್ಚ್ ತನಕ ಕೂದಲೆಳೆ ವ್ಯತ್ಯಾಸವಿಲ್ಲ ಎಂದಳಲ್ಲ ಪಟ್ಟಿಯಕ್ಕ. ಸವೆದ ತೂಕದ ಬಟ್ಟು ಏಳು ವರ್ಷ ಸರಿಯಾಗಿ ತೂಗಿ, ಒಂದು ಬೆಳಗ್ಗೆ ಇದ್ದಕ್ಕಿದ್ದ ಹಾಗೆ ತಪ್ಪುವುದಿಲ್ಲ. ಅವಳ ನೋಟ್‌ಬುಕ್ಕುಗಳು ಟ್ರಂಕಿನಲ್ಲಿವೆ. ನಾಳೆ ತೆಗೆಯಬೇಕು.

ಜೂನ್ ೨೬

ಪೆನ್ಸಿಲಿನ ಗೆರೆ ನನಗೆ ಕಾಣಲಿಲ್ಲ. ಅವಳ ತಂಗಿಯನ್ನು ಕರೆಸಿ ಓದಿಸಿದೆ.

ಪ್ರತಿ ಸಾಲಿನಲ್ಲೂ ಎರಡು ಅಂಕಿ ಇವೆ. ಪೆನ್ಸಿಲಿನಲ್ಲಿ ಒಂದು, ಅದರ ಪಕ್ಕದಲ್ಲೇ ಪೆನ್ನಿನಲ್ಲಿ ಇನ್ನೊಂದು. ಪೆನ್ಸಿಲಿನದು ನಾನು ಕೂಗಿದ್ದು. ಸೈಟಿಗೆ ಏರಿರುವುದು ಪೆನ್ನಿನದು. ಒಂದೊಂದಾಗಿ ತಾಳೆ ನೋಡಿದೆವು. ೬.೯, ೭.೩. ೭.೦, ೭.೫. ೬.೬, ೭.೧.

ಏಳು ವರ್ಷದ ಹಿಂದಿನ ಅಕ್ಟೋಬರ್‌ನಿಂದ ಶುರು. ಅದಕ್ಕೆ ಮೊದಲು ಒಂದೇ ಅಂಕಿ. ಮೊದಲ ಮೂರು ದಿನ ಪೆನ್ನಿನ ಅಂಕಿಯ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾಳೆ. ನಾಲ್ಕನೇ ದಿನ ಅಂಚಿನಲ್ಲಿ ಸಣ್ಣಗೆ: "ಕಣ್ಣು ತೋರಿಸಿ ಅಂದೆ. ಬೈದರು."

ಬೈದಿದ್ದೆ. ನೆನಪಿದೆ. "ಇಲಾಖೆಯವರೇ ನನ್ನ ಕಣ್ಣನ್ನ ನಂಬ್ತಾರೆ, ನೀನ್ಯಾವಳು ಅದನ್ನ ತೂಗೋಕೆ?" ಎಂದಿದ್ದೆ. ಮೂರು ದಿನ ಮಾತು ಬಿಟ್ಟಿದ್ದೆ. ಅವಳು ಮತ್ತೆ ಕಣ್ಣಿನ ಸುದ್ದಿ ಎತ್ತಲಿಲ್ಲ.

ಗೇಟಿಗೆ ಬೀಗ ಹಾಕಲು ಹೋದವಳು ಬೈನಾಕ್ಯುಲರ್ ತೆಗೆದು ಕೆಂಪಿಯನ್ನು ನೋಡುತ್ತಿದ್ದಳು. ನೋಡಿ, ನನ್ನ ಅಂಕಿಯ ಪಕ್ಕದಲ್ಲಿ ತನ್ನದನ್ನು ಬರೆದು, ಅದನ್ನೇ ನನ್ನ ಹೆಸರಿನಲ್ಲಿ ಏರಿಸುತ್ತಿದ್ದಳು. ಏಳು ವರ್ಷ. ಹಿಂದೆ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸಕ್ಕಿದ್ದಾಗಲೂ ಹಾಗೆಯೇ. ಡಾಕ್ಟರು ಪ್ರಮಾಣ ತಪ್ಪು ಬರೆದಿದ್ದರೆ ರೋಗಿಯ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ, ಒಳಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿ ಸರಿಮಾಡಿಸಿಕೊಂಡು ಬರುತ್ತಿದ್ದಳು. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ನಾನೇ ಅದನ್ನು ನಾಲ್ಕು ಜನರೆದುರು ಹೊಗಳಿ ಹೇಳುತ್ತಿದ್ದೆ.

ಕೊನೆಯ ಸಾಲು ಫೆಬ್ರವರಿ ೧೯. ಅಂಕಿ ಅಲುಗಾಡಿದೆ ಎಂದಳು ತಂಗಿ. ಅವಳು ಅಕ್ಕನ ಮುಖ ನೋಡಿ ಕಿರುಚಿದ್ದು ೨೧ನೇ ತಾರೀಕು. ಅದಕ್ಕೆ ಎರಡು ದಿನ ಮೊದಲು ನನ್ನವಳು ಹೊಟ್ಟೆನೋವು ಇಟ್ಟುಕೊಂಡು ಗೋಡೆ ಹಿಡಿದು ಮೆಟ್ಟಿಲಿಳಿದು, ಗೇಟಿನ ಹತ್ತಿರ ನಿಂತು ನನ್ನ ತಪ್ಪು ತಿದ್ದಿದ್ದಾಳೆ. ಅವತ್ತೂ ನಾನು ಗೇಟು ಓಡಿ ಹೋಗಿತ್ತಾ ಎಂದು ಕೇಳಿದ್ದೆ.

ಅವಳು ಕಂಪ್ಯೂಟರಿನ ಮುಂದೆ ಕೂತು ಅಂಕಿ ಏರಿಸಿದ್ದಳು.

ಜೂನ್ ೨೯

ಬೇಡ ಎಂದವರು ಇನ್ನೂ ಆರೇ. ನಾನು ಯಾರಿಗೂ ಫೋನ್ ಮಾಡಲಿಲ್ಲ.

ಒಂದು ಮಾತು ಇಲ್ಲಿ ಬರೆದಿಡಬೇಕು, ಬೇರೆಲ್ಲೂ ಹೇಳಲಾರೆ. ನಾನು ಸುಮ್ಮನಿದ್ದರೆ ಮೂರು ದಿನದಲ್ಲಿ ಕಾಲಂ ತಾನಾಗಿಯೇ ಹೋಗುತ್ತದೆ. ನೋಟ್‌ಬುಕ್ಕು ಟ್ರಂಕಿನಲ್ಲಿ. ಅವಳ ತಂಗಿ ಬಾಯಿ ಬಿಡುವವಳಲ್ಲ. ಪಟ್ಟಿಯ ತುದಿಯಲ್ಲಿ ನನ್ನ ಹೆಸರು ಹಾಗೇ ಇರುತ್ತದೆ. ಈ ಯೋಚನೆ ಬಂದದ್ದಷ್ಟೇ ಅಲ್ಲ, ಒಂದು ಇಡೀ ಹಗಲು ನನ್ನ ಜೊತೆಯಲ್ಲೇ ಕೂತಿತ್ತು.

ಕೆಲಸದಲ್ಲಿದ್ದಾಗ ಸವೆದ ಬಟ್ಟು ಸಿಕ್ಕರೆ ಮುದ್ರೆ ಒಡೆದು ಎತ್ತಿಕೊಂಡು ಬರುತ್ತಿದ್ದೆ. ಅಂಗಡಿಯವರು ಕಾಲಿಗೆ ಬೀಳುತ್ತಿದ್ದರು. "ನಂಗೆ ಗೊತ್ತೇ ಇರ್ಲಿಲ್ಲ ಸಾರ್, ಇದೊಂದು ಸಲ ಬಿಟ್ಬಿಡಿ." ಒಬ್ಬರನ್ನೂ ಬಿಟ್ಟಿಲ್ಲ. ಗೊತ್ತಿಲ್ಲದಿದ್ದರೆ ಸವೆದದ್ದು ಸವೆದದ್ದಲ್ಲವೇ ಎಂದು ಎಲ್ಲರಿಗೂ ಕೇಳಿದ್ದೆ.

ಜುಲೈ ೧

ಬೆಳಗ್ಗೆ ಸಲಹೆ ಪುಟದಲ್ಲಿ ಬರೆದೆ. ತಂಗಿ ಕುಟ್ಟಿದಳು, ನಾನು ಹೇಳಿದೆ. ಈ ಸಲ ಉದ್ದವಾಗಲಿಲ್ಲ.

"ಮೂವತ್ತೊಂದನೇ ಸಲಹೆ. ಬರೆದವರು ಎಂಬ ಕಾಲಂ ಹೊಸ ದಾಖಲೆಗಳಿಗೆ ಬೇಡವೆಂದರೆ ಬೇಡ. ಹಳೆಯವುಗಳಿಂದ ಮಾತ್ರ ತೆಗೆಯಬೇಡಿ. ನನ್ನ ಹೆಸರಿನಲ್ಲಿರುವ ಕಳೆದ ಏಳು ವರ್ಷದ ಎರಡು ಸಾವಿರದ ನೂರ ನಲವತ್ತು ಅಂಕಿಗಳನ್ನು ನಾನು ನೋಡಿದ್ದಲ್ಲ. ನನ್ನ ಕಣ್ಣು ಕೆಟ್ಟಿತ್ತು. ನೋಡಿದ್ದು ನನ್ನ ಹೆಂಡತಿ. ಏಪ್ರಿಲ್ ನಂತರದವು ನನ್ನವೇ, ಅವು ತಪ್ಪು, ಅಳಿಸಿಬಿಡಿ."

ಮಧ್ಯಾಹ್ನ ಪಟ್ಟಿಯಕ್ಕ ಅಂಚೆ ಕಚೇರಿಯಿಂದಲೇ ಫೋನ್ ಮಾಡಿದಳು. ಹಿಂದೆ ಮುದ್ರೆ ಒತ್ತುವ ಸದ್ದು ಕೇಳುತ್ತಿತ್ತು.

"ಸಾರ್, ಇದನ್ನ ಬದಲಾಯಿಸಿದ್ರೆ ಪಟ್ಟಿಯಲ್ಲಿ ನಿಮ್ಮ ಹೆಸರು ಕೆಳಗೆ ಹೋಗುತ್ತೆ."

"ಹೋಗ್ಲಿ."

"ನೋಡಿದವರು ಅನ್ನೋ ಕಡೆ ಮೇಡಂ ಹೆಸರು ಹಾಕ್ಬೇಕು. ಹತ್ತೊಂಬತ್ತು ವರ್ಷದಿಂದ 'ಮನೆಯವರು' ಅಂತಷ್ಟೇ ಇದೆ. ಹೆಸರೇನು ಸಾರ್?"

ಹೇಳಿದೆ. ಹೊರಗಿನವರ ಮುಂದೆ ಆ ಹೆಸರು ನನ್ನ ಬಾಯಿಂದ ಬಂದದ್ದು ಆಸ್ಪತ್ರೆಯ ಚೀಟಿ ಬರೆಸುವಾಗ. ಅದು ಬಿಟ್ಟರೆ ಇದೇ ಮೊದಲು. ಅವಳು ಒಂದೊಂದೇ ಅಕ್ಷರ ಹೇಳಿಸಿ ಬರೆದುಕೊಂಡಳು.

"ಬರೆದವರು ಯಾರು ಅಂತ ಹಾಕ್ಲಿ?"

"ಬರೆದವಳೂ ಅವಳೇ."

"ಎರಡು ಕಡೆನೂ ಒಂದೇ ಹೆಸರು ತಗೊಳಲ್ಲ ಸಾರ್ ಅದು. ಬೇರೆ ಯಾರಾದ್ರೂ ಬೇಕು. ನೀವು ಜೊತೆಗೆ ಇದ್ರಲ್ಲ?"

ಇದ್ದೆ. ಮಹಡಿಯ ಮೇಲೆ ದೂರದರ್ಶಕಕ್ಕೆ ಹೊದಿಕೆ ಹೊದಿಸುತ್ತಿದ್ದೆ.

"ಮನೆಯವರು ಅಂತ ಹಾಕಿ" ಎಂದೆ.

ಜುಲೈ ೧೪

ಬಲಗಣ್ಣಿನ ಪಟ್ಟಿ ಬಿಚ್ಚಿದರು. ಗೋಡೆ ಬಿಳಿ ಇದೆ. ಅಂಗಿಗಳಲ್ಲಿ ಕಲೆ ಇವೆ, ಒಂದೆರಡಲ್ಲ. ತಂಗಿಯ ತಲೆ ಪೂರ್ತಿ ನರೆತಿದೆ. ನನಗೆ ಹೇಳಲೇ ಇಲ್ಲವಲ್ಲ ಎಂದೆ, ನಕ್ಕಳು.

ತಂಗಿ ಹೊರಟ ಮೇಲೆ ಫೋನಿನಲ್ಲಿ ಅವಳ ಅಕ್ಕನ ಒಂದು ಫೋಟೋ ತೆಗೆದು ನೋಡಿದೆ. ಫೆಬ್ರವರಿ ಮೊದಲ ವಾರದ್ದು, ನಾನೇ ಹೊಡೆದದ್ದು. ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ಕಿಗೆ ಗೆರೆ ಎಳೆಯುತ್ತಿದ್ದವಳು ತಲೆಯೆತ್ತಿ ನೋಡಿದ್ದಾಳೆ. ಮುಖ ಹಳದಿ, ಕೈ ಹಳದಿ. ಕಣ್ಣಿನ ಬಿಳಿ ಇರಬೇಕಾದ ಕಡೆಯೂ ಹಳದಿ. ಒಂದು ಮಗುವಿಗೆ ಕಾಣುವಂಥದ್ದು. ಎಡಗಣ್ಣು ಮುಚ್ಚಿ ನೋಡಿದೆ, ಹಳದಿ. ಬಲಗಣ್ಣು ಮುಚ್ಚಿ ನೋಡಿದೆ, ಚೆನ್ನಾಗಿದ್ದಾಳೆ. ಬಹಳ ಹೊತ್ತು ಹಾಗೇ ಬಲಗಣ್ಣು ಮುಚ್ಚಿಕೊಂಡು ನೋಡುತ್ತಾ ಕೂತೆ.

ಜುಲೈ ೨೭

ಹೊಸ ಸೈಟು ಬಂದಿದೆ. ಅಕ್ಷರ ದಪ್ಪ ಮಾಡಿದ್ದಾರೆ. ಮೋಡಣ್ಣನಿಗೆ ಅವನ ಗುಂಡಿ ಸಿಕ್ಕಿದೆ, ಅದನ್ನು ಆಗಲೇ ಹನ್ನೊಂದು ಸಲ ಒತ್ತಿದ್ದಾನೆ. ಹೊಸ ದಾಖಲೆಗೆ ಒಂದೇ ಕಾಲಂ. ಹಳೆಯವು ಎರಡೂ ಇಟ್ಟುಕೊಂಡಿವೆ. ಫೆಬ್ರವರಿ ೧೯ ತೆಗೆದು ನೋಡಿದೆ. ನೋಡಿದವರು ಎಂಬಲ್ಲಿ ಅವಳ ಹೆಸರು ಪೂರ್ತಿ ಇದೆ. ಅದರ ಕೆಳಗೆ ನಾನಿದ್ದೇನೆ.

ಊಟ ಆದ ಮೇಲೆ ಮಹಡಿಗೆ ಹೋಗಲಿಲ್ಲ. ಚಪ್ಪಲಿ ಗೂಡಿನಿಂದ ಬೈನಾಕ್ಯುಲರ್ ತೆಗೆದುಕೊಂಡು ಹೊರಗೆ ಹೋದೆ. ಬೀದಿ ದೀಪದ ಬೆಳಕು ಬೀಳದ ಜಾಗ ಗೇಟಿನ ಹತ್ತಿರ ಒಂದೇ ಒಂದಿದೆ, ಎಡಗಡೆಯ ಕಂಬದ ಮಗ್ಗುಲು. ಕಂಬದ ಸುಣ್ಣ ಅಲ್ಲಿ ಒಂದು ಆಳು ಒರಗುವಷ್ಟು ಸವೆದಿದೆ. ನಾನೂ ಅಲ್ಲೇ ಒರಗಿದೆ. ಕೆಂಪಿ ಸಿಗಲು ಸ್ವಲ್ಪ ಹೊತ್ತಾಯಿತು. ೭.೬. ಇಳಿಯುತ್ತಿದ್ದಾಳೆ.

ಗೇಟಿಗೆ ಬೀಗ ಹಾಕಿ ಒಳಗೆ ಬರಲು ಹದಿನೈದು ನಿಮಿಷ ಬೇಕಾಯಿತು.